ಕನ್ನಡ ಮೀಡಿಯಂನಲ್ಲಿ ಓದಿ ಶಿರಸಿಯಲ್ಲೇ ವಕೀಲಿ ಮಾಡುವವರಿಗೆ ಮೂಟ್ ಕೋರ್ಟ್ ಬೇಕಾ?

ನಿಮ್ಮ ಪ್ರಶ್ನೆಯಲ್ಲಿ ಎರಡು ಮಾತಿದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ನಿಮ್ಮ ಕೈಲಿ ಮೂಟ್, ಅಂದರೆ ಲಾ ಕಾಲೇಜಿನ ಅಣಕು ಕೋರ್ಟಿನಲ್ಲಿ ವಾದ ಮಾಡುವುದು, ಆಗುತ್ತದಾ ಅನ್ನುವುದು ಒಂದು. ಎಲ್‌ಎಲ್‌ಬಿ ಮುಗಿಸಿ ಶಿರಸಿಗೇ ಬಂದು ಕರಿ ಕೋಟು ಹಾಕುವುದಾದರೆ ಅದರಿಂದ ಏನು ಸಿಗುತ್ತದೆ ಅನ್ನುವುದು ಇನ್ನೊಂದು. ನಾನು ಸಿದ್ದಾಪುರ ಕಡೆಯವನು. ಹನ್ನೆರಡು ವರ್ಷದಿಂದ ಶಿರಸಿಯಲ್ಲಿ, ಆಗಾಗ ಕಾರವಾರದಲ್ಲಿ ಕೇಸು ನಡೆಸುತ್ತಿದ್ದೇನೆ. ಖಂಡಿತ ಮೂಟ್ ಮಾಡಿ. ಆದರೆ ಅಲ್ಲಿ ಏನು ಕಲಿಯಬೇಕು ಅಂತ ಮೊದಲೇ ತಿಳಿದುಕೊಂಡು ಹೋಗಿ. ನನಗೆ ಅದು ಗೊತ್ತಾಗಿದ್ದು ಸೋತ ಮೇಲೆ.

ನಮ್ಮ ಮನೆಯಲ್ಲಿ ತಾಳಮದ್ದಳೆಯ ಹುಚ್ಚು. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಅಪ್ಪ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಿದ್ದರು. ಹೈಸ್ಕೂಲಿನಲ್ಲಿರುವಾಗಲೇ ನಾನೂ ಒಂದೆರಡು ಸಲ ವಾಲಿಯ ಅರ್ಥಕ್ಕೆ ಕೂತಿದ್ದೆ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನೆ ಮಾಡುವುದು ಅಂದರೆ ಅದೂ ಒಂದು ವಾದವೇ ಅಲ್ವಾ? ಲಾ ಕಾಲೇಜಿನಲ್ಲಿ ಮೂಟ್‌ಗೆ ಹೆಸರು ಕೊಟ್ಟಾಗ ಎಲ್ಲರೂ, ‘ನಿನಗೆ ಮಾತು ಬರುತ್ತದೆ, ಗೆದ್ದ ಹಾಗೇ’ ಅಂದರು. ನಾನೂ ನಂಬಿದೆ. ಆದರೆ ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿ ನಿಮ್ಮ ಮಾತು ಒಂದು ಘಟ್ಟಕ್ಕೆ ಬರುವವರೆಗೆ ಕಾಯುತ್ತಾನೆ. ಮೂಟ್‌ನಲ್ಲಿ ಬೆಂಚ್, ಅಂದರೆ ಜಡ್ಜ್ ಜಾಗದಲ್ಲಿ ಕೂತವರು, ಕಾಯುವುದಿಲ್ಲ.

ಭೂಸ್ವಾಧೀನದ ಪರಿಹಾರ ಸಾಲದು ಅಂತ ರೈತ ಹಾಕಿದ ಅಪೀಲು ನಮಗೆ ಕೊಟ್ಟ ಪ್ರಾಬ್ಲಂ, ಅಂದರೆ ವಾದಕ್ಕೆ ಕೊಟ್ಟ ಕಾಲ್ಪನಿಕ ಕೇಸು. ನಾನು ಅಪೆಲೆಂಟ್ (ಅಪೀಲು ಹಾಕಿದವರ) ಕಡೆ ಮೊದಲ ಸ್ಪೀಕರ್. ಮೂರು ನಿಮಿಷ ಚೆನ್ನಾಗಿ ಹೋಯಿತು. ಒಂದು ತೀರ್ಪಿನ ಹೆಸರು ಹೇಳಿದೆ. ತಕ್ಷಣ ಬೆಂಚಿನಲ್ಲಿದ್ದವರು ಕೇಳಿದರು: ‘ಆ ಕೇಸಿನಲ್ಲಿ ಹೋಗಿದ್ದು ಕೃಷಿ ಜಮೀನೋ, ಪೇಟೆ ಪಕ್ಕದ ಜಾಗವೋ?’ ನಾನು ಓದಿದ್ದು ಹೆಡ್‌ನೋಟ್, ಅಂದರೆ ತೀರ್ಪಿನ ತಲೆಯಲ್ಲಿರುವ ಸಾರಾಂಶ, ಮಾತ್ರ. ‘ಅದಕ್ಕೇ ಬರುತ್ತೇನೆ’ ಅಂತ ಹೇಳಿ ನನ್ನ ಮಾತು ಮುಂದುವರಿಸಿದೆ. ಅವರು ಪೆನ್ನಿನ ಕ್ಯಾಪ್ ಮುಚ್ಚಿ ಮೇಜಿನ ಮೇಲಿಟ್ಟರು. ಆಮೇಲೆ ನಾನು ಹೇಳಿದ ಒಂದು ಮಾತನ್ನೂ ಬರೆದುಕೊಳ್ಳಲಿಲ್ಲ. ಆ ಪೆನ್ನು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎದುರು ತಂಡದ ಹುಡುಗಿಯ ಇಂಗ್ಲಿಷ್ ನನ್ನದಕ್ಕಿಂತ ಸಣ್ಣದು. ತಡೆದು ತಡೆದು ಮಾತಾಡುತ್ತಿದ್ದಳು. ಆದರೆ ಪ್ರಶ್ನೆ ಬಂದ ಕೂಡಲೇ ಬಾಯಿ ಮುಚ್ಚಿ ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು. ಮೊದಲು ಹೌದು ಅಥವಾ ಇಲ್ಲ. ಆಮೇಲೆ ಕಾರಣ. ಆಮೇಲೆ ತೀರ್ಪಿನ ಪ್ಯಾರಾ ನಂಬರ್. ಅವರ ತಂಡ ಗೆದ್ದಿತು.

ಹಾಗಾಗಿ ಇಂಗ್ಲಿಷ್ ಬಗ್ಗೆ ಅಷ್ಟೊಂದು ಹೆದರಬೇಡಿ. ಮೂಟ್‌ಗೆ ಬೇಕಾದ ಇಂಗ್ಲಿಷ್ ಸಣ್ಣ ವಾಕ್ಯಗಳದ್ದು. ವಾದವನ್ನು ಮೊದಲು ಕನ್ನಡದಲ್ಲಿ ಯೋಚಿಸಿ, ಮನೆಯ ಜಗುಲಿಯಲ್ಲಿ ಅಣ್ಣನಿಗೋ ಅಮ್ಮನಿಗೋ ಕನ್ನಡದಲ್ಲೇ ಹೇಳಿ. ಅವರಿಗೆ ಅರ್ಥವಾಗದಿದ್ದರೆ ನಿಮಗೇ ಇನ್ನೂ ಸರಿಯಾಗಿ ತಿಳಿದಿಲ್ಲ. ತಿಳಿದ ಮೇಲೆ ಇಂಗ್ಲಿಷಿಗೆ ತರುವುದು ನಾಲ್ಕು ದಿನದ ಕೆಲಸ. ಸಂಬೋಧನೆಯ ಬಗ್ಗೆಯೂ ತಲೆ ಕೆಡಿಸಿಕೊಳ್ಳಬೇಡಿ. ವಕೀಲರಿಗೆ ನಿಯಮ ಮಾಡುವ ಬಾರ್ ಕೌನ್ಸಿಲ್ 2006ರಲ್ಲೇ ನಿಯಮ ಮಾಡಿದೆ: ಸುಪ್ರೀಂ ಕೋರ್ಟ್, ಹೈಕೋರ್ಟಿನಲ್ಲಿ ‘ಆನರಬಲ್ ಕೋರ್ಟ್’ ಸಾಕು, ಕೆಳಗಿನ ಕೋರ್ಟಿನಲ್ಲಿ ‘ಸರ್’ ಅಥವಾ ಆ ಭಾಷೆಯ ಗೌರವದ ಮಾತು.

ಇಂಗ್ಲಿಷ್ ಪೂರ್ತಿ ಬೇಡ ಅಂತಲೂ ಹೇಳುವುದಿಲ್ಲ. ನಮ್ಮ ರಾಜ್ಯದ ಕೆಳಗಿನ ಕೋರ್ಟುಗಳ ಭಾಷೆ ಕನ್ನಡ. ಶಿರಸಿಯಲ್ಲಿ ಸಾಕ್ಷಿ ಹೇಳುವುದು, ಟೈಪ್ ಆಗುವುದು ಕನ್ನಡದಲ್ಲೇ. ಆದರೆ ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲಿ. ನಮ್ಮ ಜಿಲ್ಲೆಯ ಅಪೀಲುಗಳು ಹೋಗುವುದು ಧಾರವಾಡ ಪೀಠಕ್ಕೆ. 2008ರಲ್ಲಿ ಆ ಪೀಠ ಬಂದ ಮೇಲೆ ಬೆಂಗಳೂರಿನವರೆಗೆ ಓಡುವುದು ತಪ್ಪಿದೆ. ಶಿರಸಿಯಿಂದ ಬೆಳಿಗ್ಗೆ ಹೊರಟು ನಿಮ್ಮ ಕೇಸನ್ನು ನೀವೇ ವಾದ ಮಾಡಿ ಬರಬಹುದು. ಮೂಟ್‌ನಲ್ಲಿ ಕಲಿತದ್ದು ನೇರವಾಗಿ ಕೆಲಸಕ್ಕೆ ಬರುವ ಜಾಗ ಅದು. ಸಾಕ್ಷಿ ವಿಚಾರಣೆ ಎಲ್ಲ ಮುಗಿದಿರುತ್ತದೆ, ಕಾನೂನಿನ ಪ್ರಶ್ನೆ ಉಳಿದಿರುತ್ತದೆ, ಎದುರಿಗೆ ಪ್ರಶ್ನೆ ಕೇಳುವ ಬೆಂಚ್ ಇರುತ್ತದೆ.

ಶಿರಸಿ ಕೋರ್ಟಿನ ಕತೆ ಬೇರೆ. ಮೂಟ್‌ನಲ್ಲಿ ಸಂಗತಿಗಳೆಲ್ಲ ಅಚ್ಚಾಗಿ ಕೈಗೆ ಬರುತ್ತವೆ. ಅದರಲ್ಲಿ ಒಂದಕ್ಷರ ಬದಲಾಯಿಸುವ ಹಾಗಿಲ್ಲ. ಇಲ್ಲಿ ಆ ಸಂಗತಿಗಳನ್ನು ಸಾಕ್ಷಿಯ ಬಾಯಿಂದ ನೀವೇ ಹೊರಡಿಸಬೇಕು.

ನಾನು ಸೀನಿಯರ್ ಆಫೀಸಿನಲ್ಲಿದ್ದಾಗ ನಡೆಸಿದ ಮೊದಲ ಪಾಟೀ ಸವಾಲು ಒಂದು ತೋಟದ ದಾರಿಯ ದಾವೆ. ಊರು, ಹೆಸರು ಬೇಡ. ಅಡಿಕೆ ತೋಟಕ್ಕೆ ಹೋಗಲು ಪಕ್ಕದವರ ಜಾಗದಲ್ಲಿ ದಾರಿ ಇದೆ, ತಲೆಮಾರಿನಿಂದ ಓಡಾಡುತ್ತಿದ್ದೇವೆ ಅಂತ ವಾದಿ. ನಾವು ಪ್ರತಿವಾದಿ ಕಡೆ. 1882ರ ಈಸ್‌ಮೆಂಟ್ಸ್ ಕಾಯ್ದೆಯ 15ನೇ ಕಲಂ ಪ್ರಕಾರ ಇಂಥ ಹಕ್ಕು ಬರಬೇಕಾದರೆ 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕು ಅಂತಲೇ ಬಳಸಿರಬೇಕು. ವಾದಿಯ ಸಾಕ್ಷಿ ಎಪ್ಪತ್ತು ದಾಟಿದ ಹಿರಿಯರು. ಮೂವತ್ತು ವರ್ಷದ ಓಡಾಟ ಕಂಡಿದ್ದೇನೆ ಅಂತ ಅಫಿಡವಿಟ್ ಹಾಕಿದ್ದರು.

‘ನೀವು ಈ ಊರಿಗೆ ಬಂದು ನೆಲೆಸಿದ್ದು ಹನ್ನೆರಡು ವರ್ಷದ ಹಿಂದೆ ಅಂದರೆ ಸರಿಯಾ?’ ಅಂತ ಕೇಳಿದೆ. ‘ಸರಿ’ ಅಂದರು. ಜಡ್ಜ್ ಹೇಳಿ ಬರೆಸಿದರು, ಟೈಪ್ ಆಯಿತು. ನಮಗೆ ಬೇಕಾಗಿದ್ದು ಅಷ್ಟೇ. ಅಲ್ಲಿಗೆ ಕೂತುಬಿಡಬೇಕಿತ್ತು. ಆದರೆ ನನ್ನ ಕಣ್ಣು ಕೈಯಲ್ಲಿದ್ದ ಕಾಗದದ ಮುಂದಿನ ಪ್ರಶ್ನೆಯ ಮೇಲಿತ್ತು. ‘ಹಾಗಾದರೆ ಮೂವತ್ತು ವರ್ಷದ ವಿಷಯ ನಿಮಗೆ ಹೇಗೆ ಗೊತ್ತು?’ ಅಂದೆ. ಅವರು ಕಟಕಟೆ ಹಿಡಿದುಕೊಂಡು ನಿಧಾನಕ್ಕೆ ಹೇಳಿದರು: ‘ನನ್ನ ಹೆಂಡತಿಯ ತವರು ಅದೇ ಊರು. 1986ರಲ್ಲಿ ನಮ್ಮ ದಿಬ್ಬಣ ಅದೇ ದಾರಿಯಲ್ಲಿ ಹೋಯಿತು. ಆಗ ಕೊನೆಕೊಯ್ಲು. ಈ ತೋಟದ ಅಡಿಕೆ ಕೊನೆ ಹೊತ್ತ ಆಳುಗಳು ಬದಿಗೆ ಸರಿದು ನಮಗೆ ದಾರಿ ಬಿಟ್ಟಿದ್ದರು. ಆಮೇಲೆ ವರ್ಷವೂ ಹೋಗಿಬಂದು ಮಾಡಿದ್ದೇನೆ.’ ಅದೂ ಟೈಪ್ ಆಯಿತು. ಅಫಿಡವಿಟ್‌ನಲ್ಲಿ ಇಲ್ಲದ ಅಷ್ಟು ಗಟ್ಟಿ ಸಾಕ್ಷ್ಯವನ್ನು ವಾದಿಗೆ ನಾನೇ ತಂದುಕೊಟ್ಟೆ. ಕಡೆಗೆ ನಮ್ಮ ಕಕ್ಷಿದಾರರು ದಾರಿ ಬಿಟ್ಟುಕೊಟ್ಟು ರಾಜಿ ಮಾಡಿಕೊಂಡರು. ಆ ದಿನ ಅವರು ನನಗೆ ಒಂದು ಮಾತೂ ಬಯ್ಯಲಿಲ್ಲ. ಅದೇ ಜಾಸ್ತಿ ನೋವಾಯಿತು.

ಮೂಟ್‌ನಲ್ಲಿ ಮಾಡಿದ ತಪ್ಪನ್ನೇ ಇಲ್ಲೂ ಮಾಡಿದ್ದೆ. ಎದುರಿನವರು ಈಗ ಏನು ಹೇಳಿದರು ಅಂತ ಕೇಳಿಸಿಕೊಳ್ಳದೆ, ಬರೆದುಕೊಂಡು ಹೋದದ್ದಕ್ಕೆ ಅಂಟಿಕೊಂಡಿದ್ದೆ. ಮೂಟ್‌ನಲ್ಲಿ ಅದರ ಬೆಲೆ ಒಂದು ಕಪ್. ಇಲ್ಲಿ ಒಬ್ಬರ ಜಮೀನು. ಅದಕ್ಕೇ ಕಾಲೇಜಿನಲ್ಲಿರುವಾಗಲೇ ಸೋತು ಕಲಿಯಿರಿ ಅನ್ನುವುದು.

ತಯಾರಿಗೆ ದುಡ್ಡು ಬೇಕಿಲ್ಲ. ಇಂಡಿಯನ್ ಕಾನೂನ್ ವೆಬ್‌ಸೈಟಿನಲ್ಲಿ ತೀರ್ಪುಗಳು ಪುಕ್ಕಟೆ ಸಿಗುತ್ತವೆ. ಹತ್ತು ತೀರ್ಪಿನ ಹೆಸರು ಕಲೆಹಾಕುವ ಬದಲು ಮೂರನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಹೈಕೋರ್ಟಿನ ಕಲಾಪ ಯೂಟ್ಯೂಬಿನಲ್ಲಿ ನೇರ ಬರುತ್ತದೆ. ಜಡ್ಜ್ ಮಧ್ಯೆ ತಡೆದಾಗ ಹಿರಿಯ ವಕೀಲರು ಹೇಗೆ ಮಾತು ನಿಲ್ಲಿಸುತ್ತಾರೆ ಅನ್ನುವುದನ್ನೇ ನೋಡಿ.

ಅಭ್ಯಾಸಕ್ಕೆ ಒಳ್ಳೆಯ ಪ್ರಾಬ್ಲಂ ನಮ್ಮ ಮನೆಬಾಗಿಲಲ್ಲೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ತಗೊಳ್ಳಿ. ಪಾರಂಪರಿಕ ಅರಣ್ಯವಾಸಿ ಅಂತ ಆಗಲು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ವಾಸ ಇರಬೇಕು. ಆದರೆ ಅದೇ ಕಾಯ್ದೆಯ 4(3)ನೇ ಕಲಂನಲ್ಲಿ, ಜಮೀನು ಆ ತಾರೀಖಿಗೆ ಮೊದಲು ಸ್ವಾಧೀನದಲ್ಲಿದ್ದರೆ ಸಾಕು ಅನ್ನುವ ಹಾಗಿದೆ. ಹಾಗಾದರೆ 75 ವರ್ಷದ ಪುರಾವೆ ವಾಸಕ್ಕೋ, ಆ ತುಂಡು ಜಮೀನಿಗೋ? ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯ ಅಂತ ನಿಯಮ 13 ಒಪ್ಪುತ್ತದೆ. ಅದಕ್ಕೆ ಎಷ್ಟು ತೂಕ? ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಬದುಕು ಈ ಪ್ರಶ್ನೆಯ ಮೇಲೆ ನಿಂತಿದೆ. ಒಂದು ವಾರ ಅರ್ಜಿದಾರರ ಕಡೆ, ಮುಂದಿನ ವಾರ ಸರ್ಕಾರದ ಕಡೆ ನಿಂತು ವಾದ ಮಾಡಿ ನೋಡಿ.

ಇನ್ನು ಸಿಲಬಸ್ಸಿನ ಮಾತು. ಬಾರ್ ಕೌನ್ಸಿಲ್‌ನ 2008ರ ನಿಯಮದಲ್ಲಿ ಮೂಟ್‌ಗೆ 30 ಅಂಕ ಇದೆ. ವರ್ಷಕ್ಕೆ ಮೂರು ಮೂಟ್, ಪ್ರತಿಯೊಂದಕ್ಕೂ ಬರವಣಿಗೆಗೆ 5, ವಾದಕ್ಕೆ 5. ಒಂದು ಸಿವಿಲ್, ಒಂದು ಕ್ರಿಮಿನಲ್ ಕೇಸಿನ ವಿಚಾರಣೆ ನೋಡಿ ಬರೆಯುವುದಕ್ಕೂ 30 ಅಂಕ. ಈ ಎರಡನೆಯದನ್ನು ಗೆಳತಿಯ ಡೈರಿ ನೋಡಿ ಬರೆದು ಮುಗಿಸಬೇಡಿ. ರಜೆಯಲ್ಲಿ ಊರಿಗೆ ಬಂದಾಗ ಶಿರಸಿ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು, ಒಂದೇ ಕೇಸನ್ನು ಮುಖ್ಯ ವಿಚಾರಣೆಯಿಂದ ವಾದದವರೆಗೆ ಹಿಂಬಾಲಿಸಿ. ಮುಂದಿನ ತಾರೀಖು ಬೆಂಚ್ ಕ್ಲರ್ಕ್ ಹತ್ತಿರ ಕೇಳಿದರೆ ಹೇಳುತ್ತಾರೆ.

ಮತ್ತೆ, ಮೂಟ್‌ನಲ್ಲಿ ರೆಸ್ಪಾಂಡೆಂಟ್ (ಅಪೀಲಿಗೆ ಉತ್ತರ ಕೊಡುವವರ) ಕಡೆ ಬಂದರೆ ಬೇಸರ ಮಾಡಿಕೊಳ್ಳಬೇಡಿ. ಅಪೆಲೆಂಟ್ ಮಾತಾಡುವಷ್ಟು ಹೊತ್ತು ನಿಮ್ಮ ಭಾಷಣದ ಹಾಳೆಗಳನ್ನು ಮಗುಚಿ ಇಟ್ಟು, ಖಾಲಿ ಹಾಳೆಯಲ್ಲಿ ಬೆಂಚ್ ಅವರಿಗೆ ಕೇಳಿದ ಪ್ರಶ್ನೆಗಳನ್ನು ಮಾತ್ರ ಬರೆದುಕೊಳ್ಳಿ. ನಿಮ್ಮ ಸರದಿ ಬಂದಾಗ ಅಲ್ಲಿಂದಲೇ ಶುರು ಮಾಡಿ.