ಆಪ್ತಸಲಹೆ ಪ್ರಕರಣ: ಮಿಸಿಸಿಪ್ಪಿಯೇ ಅವಳ ಊರು

(ಹೆಸರು ಮತ್ತು ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿ ಮತ್ತು ಪೋಷಕರ ಒಪ್ಪಿಗೆ ಪಡೆದು ಬರೆದದ್ದು.)

16 ವರ್ಷದ ಸಿರಿಯನ್ನು ಅವಳ ತಾಯಿ ಮೈಸೂರಿನ ನಮ್ಮ ಕೇಂದ್ರಕ್ಕೆ ಕರೆತಂದಿದ್ದು ಸೆಪ್ಟೆಂಬರಿನಲ್ಲಿ. ಪಿಯು ಕಾಲೇಜಿನಲ್ಲಿ ಯಾರ ಜೊತೆಗೂ ಬೆರೆಯುವುದಿಲ್ಲ, ಅರ್ಧ ಊಟಕ್ಕೇ ಏಳುತ್ತಾಳೆ, ಶನಿವಾರವಂತೂ ನಸುಕಿನಲ್ಲೇ ಎದ್ದು ಇಯರ್‌ಫೋನ್ ಸಿಕ್ಕಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತಾಳೆ. "ಮೊಬೈಲ್ ಚಟ ಮೇಡಂ, ಹೇಗಾದರೂ ಬಿಡಿಸಿಕೊಡಿ" ಎಂದರು ತಾಯಿ.

ತಂದೆ ವೈದ್ಯರು. ಅಮೆರಿಕದಲ್ಲಿ ಜೆ-1 ವೀಸಾದ ಮೇಲೆ ತರಬೇತಿ ಮುಗಿಸಿದ ವಿದೇಶಿ ವೈದ್ಯರು ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ನಿಯಮವಿದೆ. ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ ದುಡಿಯಲು ಒಪ್ಪಿದರೆ ಅದರಿಂದ ವಿನಾಯಿತಿ ಸಿಗುತ್ತದೆ. ಕಾನ್ರಾಡ್-30 ಎಂಬ ಈ ಯೋಜನೆಯಡಿ ಪ್ರತಿ ರಾಜ್ಯಕ್ಕೂ ವರ್ಷಕ್ಕೆ 30 ಜಾಗ. ಹಾಗೆ ಈ ಕುಟುಂಬ ದಕ್ಷಿಣದ ಮಿಸಿಸಿಪ್ಪಿ ರಾಜ್ಯದ ಡೆಲ್ಟಾ ಎಂಬ ಪ್ರದೇಶದ ಒಂದು ಪುಟ್ಟ ಊರಿಗೆ ಹೋಯಿತು. ಆಗ ಸಿರಿಗೆ ಆರು ವರ್ಷ. ಮೂರು ವರ್ಷ ಮುಗಿದ ಮೇಲೂ ಅಲ್ಲೇ ಉಳಿದರು. ಕಾಯಂ ವಾಸಕ್ಕೆ ಬೇಕಾದ ಗ್ರೀನ್ ಕಾರ್ಡ್ ಸರದಿ ಮಾತ್ರ ಬರಲಿಲ್ಲ. ಯಾವ ಒಂದು ದೇಶದವರಿಗೂ ಶೇ 7ಕ್ಕಿಂತ ಹೆಚ್ಚು ಸಿಗದ ಮಿತಿಯಿಂದಾಗಿ ಭಾರತೀಯರ ಸಾಲು ಬಹಳ ಉದ್ದ. ಮಗಳಿಗೆ 21 ತುಂಬಿದರೆ ಅವಲಂಬಿತರ ಎಚ್-4 ವೀಸಾ ಮುಗಿಯುತ್ತದೆ. ಅಷ್ಟರೊಳಗೆ ಇಲ್ಲಿ ಓದಿನ ದಾರಿ ಹಿಡಿಯಲಿ ಎಂದು ವಾಪಸಾದರು. ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. ಆದರೆ ಅವಳನ್ನು ಕೂರಿಸಿಕೊಂಡು ಅದನ್ನು ವಿವರಿಸಿದವರು ಯಾರೂ ಇರಲಿಲ್ಲ.

ಎರಡು ಭೇಟಿಯಲ್ಲಿ ಸಿರಿ ಹೂಂ, ಉಹೂಂ ಬಿಟ್ಟು ಬೇರೇನೂ ಹೇಳಲಿಲ್ಲ. ಮೂರನೇ ಸಲ, ಶನಿವಾರ ಏನು ಕೇಳುತ್ತೀಯ ಎಂದೆ. ತಟ್ಟನೆ ಇಯರ್‌ಫೋನಿನ ಒಂದು ತುದಿಯನ್ನು ನನಗೆ ಕೊಟ್ಟಳು. ಅಲ್ಲಿ ಶುಕ್ರವಾರ ಸಂಜೆ ಏಳು ಎಂದರೆ ನಮಗೆ ಶನಿವಾರ ಬೆಳಗಿನ ಜಾವ ಐದೂವರೆ. ಅವಳ ಶಾಲೆಯ ಅಮೆರಿಕನ್ ಫುಟ್‌ಬಾಲ್ ಪಂದ್ಯ ಶುರುವಾಗುವ ಹೊತ್ತದು. ಊರಿನ ರೇಡಿಯೊ ಅದನ್ನು ಆನ್‌ಲೈನ್‌ನಲ್ಲಿ ಬಿತ್ತರಿಸುತ್ತದೆ. ಆಟ ಅವಳಿಗೆ ಅಷ್ಟಕ್ಕಷ್ಟೆ. ಅವಳು ಕಾಯುವುದು ವಿರಾಮದಲ್ಲಿ ವೀಕ್ಷಕ ವಿವರಣೆಯ ಹಿಂದೆ ಸಣ್ಣಗೆ ಕೇಳಿಸುವ ಮಾರ್ಚಿಂಗ್ ಬ್ಯಾಂಡಿಗೆ. ಅದರಲ್ಲಿ ಎರಡು ವರ್ಷ ಕ್ಲಾರಿನೆಟ್ ನುಡಿಸಿದ್ದಳು. "ನನ್ನ ಜಾಗದಲ್ಲಿ ಈಗ ಯಾರೋ ಇದ್ದಾರೆ" ಎಂದು ಅತ್ತಳು.

ಆಮೇಲೆ ಊರು ಬಿಚ್ಚಿಕೊಂಡಿತು. ಕಣ್ಣು ಹಾಯುವವರೆಗೂ ಸಪಾಟಾದ ಹತ್ತಿ ಹೊಲ, ಕ್ಯಾಟ್‌ಫಿಷ್ ಸಾಕುವ ಕೆರೆಗಳು, ಸುಂಟರಗಾಳಿಯ ಸೈರನ್ ಕೂಗಿದರೆ ಶಾಲೆಯ ಹಜಾರದಲ್ಲಿ ಗೋಡೆಗೆ ಮುಖಮಾಡಿ ತಲೆ ಮುಚ್ಚಿ ಕೂರುವ ಅಭ್ಯಾಸ, ಬೇಸಿಗೆಯಲ್ಲಿ ಪಕ್ಕದ ಮನೆಯ ಅಜ್ಜಿ ಜಗುಲಿಯ ಮೇಲಿಟ್ಟು ಹೋಗುತ್ತಿದ್ದ ಟೊಮೆಟೊ. ಕಹಿಯೂ ಇತ್ತು. ಬುಧವಾರ ಸಂಜೆ ಗೆಳತಿಯರೆಲ್ಲ ಚರ್ಚಿಗೆ ಹೋಗುವಾಗ ಇವಳು ಮನೆಯಲ್ಲಿ. ದೀಕ್ಷಾಸ್ನಾನವಾಗದ ನಿನಗೆ ನರಕವೇ ಗತಿ ಎಂದು ಏಳನೇ ತರಗತಿಯಲ್ಲಿ ಒಬ್ಬಳು ಹೇಳಿದ್ದನ್ನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಕಪ್ಪು ಮತ್ತು ಬಿಳಿ ಮಕ್ಕಳ ಬೇರೆಬೇರೆ ಶಾಲೆಗಳನ್ನು ಕೂಡಲೇ ಒಂದುಗೂಡಿಸಬೇಕೆಂದು 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆದೇಶಿಸಿದಾಗ ಡೆಲ್ಟಾದ ಅನೇಕ ಊರುಗಳಲ್ಲಿ ಬಿಳಿಯರು ತಮ್ಮ ಮಕ್ಕಳಿಗೆಂದೇ ಅಕಾಡೆಮಿ ಎಂಬ ಖಾಸಗಿ ಶಾಲೆಗಳನ್ನು ಕಟ್ಟಿಕೊಂಡರು. ಅವಳ ಊರಲ್ಲೂ ಆ ಗೆರೆ ಅಳಿಸಿಲ್ಲ. ಅಪ್ಪ ಅಮ್ಮನಿಗೆ ಪರಿಚಯವಿದ್ದುದು ಅಕಾಡೆಮಿಯ ಕಡೆಯವರು, ಅವಳ ಬ್ಯಾಂಡಿನ ಜೀವದ ಗೆಳತಿ ಸರ್ಕಾರಿ ಶಾಲೆಯ ಕಪ್ಪು ಹುಡುಗಿ. ಯಾವ ಮೇಜಿನಲ್ಲಿ ಕೂರಬೇಕೆಂದು ದಿನಾ ಯೋಚಿಸಿದ ಮಗು ಇದು.

ತಾಯಿಯನ್ನು ಪ್ರತ್ಯೇಕವಾಗಿ ಮಾತನಾಡಿಸಿದಾಗ ಗಂಟು ಎಲ್ಲಿದೆ ಎಂದು ತಿಳಿಯಿತು. ಅವರಿಗೆ ಆ ಊರೆಂದರೆ ಹತ್ತು ವರ್ಷದ ಒಂಟಿತನ. ದೇವಸ್ಥಾನಕ್ಕೆ, ತೊಗರಿಬೇಳೆಗೆ ಮೆಂಫಿಸ್ ನಗರದವರೆಗೆ ಎರಡು ಗಂಟೆ ಕಾರು. ಮೈಸೂರು ಅವರಿಗೆ ಬಿಡುಗಡೆ. ಮಗಳು ಅತ್ತರೆ ತಮ್ಮ ನೆಮ್ಮದಿಯನ್ನೇ ದೂರಿದಂತೆ ಕೇಳಿಸುತ್ತಿತ್ತು.

ಸಮಾಜ ಒಪ್ಪದ ದುಃಖದ ಬಗ್ಗೆ ಅಮೆರಿಕದ ಶೋಕ ಅಧ್ಯಯನಕಾರ ಕೆನೆತ್ ಡೋಕಾ 1989ರಲ್ಲಿ ಬರೆದರು: ಕಳಕೊಂಡದ್ದು ನಿಜವಾದರೂ ಸುತ್ತಲಿನವರು ಅದನ್ನು ದುಃಖವೆಂದು ಎಣಿಸದಿದ್ದರೆ ಅದು ಒಳಗೇ ಕೂರುತ್ತದೆ. ಹೊಸದಾಗಿ ಮದುವೆಯಾದವಳು ತವರಿಗಾಗಿ ಅತ್ತರೆ ನಾವು ತಲೆ ಸವರುತ್ತೇವೆ. ಸಿರಿ ಅತ್ತರೆ "ಸ್ವಂತ ಊರಿಗೆ ಬಂದಿದ್ದೀಯ, ಇನ್ನೇನು ಬೇಕು" ಎನ್ನುತ್ತಿದ್ದರು. ಅವಳ ಬಾಲ್ಯ ಕಳೆದ ಊರು ಅದು. ನೆಂಟರು ಒಪ್ಪಲಿ ಬಿಡಲಿ, ಅದೇ ಅವಳ ಸ್ವಂತ ಊರು.

ಬದುಕು ಸಾಕೆನಿಸಿದೆಯೇ, ನೋವು ಮಾಡಿಕೊಂಡಿದ್ದೀಯಾ ಎಂದು ನೇರವಾಗಿಯೇ ಕೇಳಿದೆ. ಇಲ್ಲವೆಂದಳು. ಆದರೂ ಮನೆಯವರಿಗೆ ಮಾನಸಿಕ ಆರೋಗ್ಯಕ್ಕೆಂದಿರುವ ಸರ್ಕಾರದ ಟೆಲಿ-ಮನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416 ಕೊಟ್ಟು, ನಿದ್ದೆ ಊಟ ಪೂರ್ತಿ ಕೆಟ್ಟರೆ ಕಾಯದೆ ಮನೋವೈದ್ಯರ ಬಳಿ ಹೋಗಿ ಎಂದೆ.

ಪೋಷಕರಿಗೆ ಹೇಳಿದ್ದು ಇಷ್ಟು. ಶನಿವಾರದ ರೇಡಿಯೊ ತಪ್ಪಿಸಬೇಡಿ; ಆಗುವುದಾದರೆ ಕಾಫಿ ಹಿಡಿದು ಪಕ್ಕದಲ್ಲಿ ಕೂತು ಕೇಳಿ. ಆ ಊರಿನ ಬಗ್ಗೆ ನಿಮ್ಮ ಬೇಸರ ಹೇಳಿಕೊಳ್ಳಿ, ಅವಳ ಪ್ರೀತಿಯನ್ನೂ ಕೇಳಿ, ಎರಡೂ ನಿಜ. ಅವಳ ಕನ್ನಡದ ಉಚ್ಚಾರವನ್ನು ಊಟದ ಹೊತ್ತಲ್ಲಿ ತಿದ್ದಬೇಡಿ, ನೆಂಟರ ಮುಂದೆ ನಗೆಪಾಟಲು ಮಾಡಲೇಬೇಡಿ. ಮನೆಗೆಲಸಕ್ಕೆ ಬರುವ ಹೆಂಗಸಿಗೆ ಸಿರಿ "ಯೆಸ್ ಮ್ಯಾಮ್" ಅನ್ನುತ್ತಾಳೆಂದು ಅಜ್ಜಿ ಗದರಿದ್ದರಂತೆ. ಹಿರಿಯರು ಯಾರೇ ಆಗಲಿ ಹಾಗೆ ಓಗೊಡುವುದು ಆ ಊರು ಕಲಿಸಿದ ಮರ್ಯಾದೆ. ಅದನ್ನು ದಯವಿಟ್ಟು ಕಸಿಯಬೇಡಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಸಿರಿಗೆ ಊರಿನ ನಕ್ಷೆ ಬರೆಯಲು ಹೇಳಿದೆ, ನೋವಾದ ಜಾಗಗಳನ್ನೂ ಸೇರಿಸಿ. ಬರೀ ಸಿಹಿ ಉಳಿಸಿಕೊಂಡ ನೆನಪು ಇಲ್ಲಿನದೆಲ್ಲವನ್ನೂ ಸಪ್ಪೆ ಮಾಡುತ್ತದೆ. ನಕ್ಷೆ ನೋಡಿದ ತಾಯಿಗೆ ಏಳನೇ ತರಗತಿಯ ಸಂಗತಿ ಮೊದಲ ಸಲ ತಿಳಿಯಿತು. ಕ್ಲಾರಿನೆಟ್ ಪೆಟ್ಟಿಗೆಯಿಂದ ಹೊರಬಂದಿದೆ. ದಸರೆಯಲ್ಲಿ ಪೊಲೀಸ್ ಬ್ಯಾಂಡ್ ಕೇಳಿಬಂದ ಮೇಲೆ, ಕ್ಲಾರಿನೆಟ್ಟಿನಲ್ಲಿ ಕರ್ನಾಟಕ ಸಂಗೀತವನ್ನೂ ನುಡಿಸುತ್ತಾರಾ ಎಂದು ಅವಳೇ ವಿಚಾರಿಸಿದಳು. ಗುರುಗಳನ್ನು ಹುಡುಕುತ್ತಿದ್ದಾರೆ. ಕಾಲೇಜಿನಲ್ಲಿ ಇನ್ನೂ ಒಬ್ಬಳೇ ಕೂರುತ್ತಾಳೆ, ಅದಕ್ಕೆ ಸಮಯ ಬೇಕು.

ಹೋದ ವಾರ ತಂದೆ, ಗೆಳತಿಯ ಹೈಸ್ಕೂಲ್ ಪದವಿ ಸಮಾರಂಭಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಡಲೇ ಎಂದು ಕೇಳಿದರು. ವೀಸಾ ನಿಮ್ಮ ಕೈಯಲ್ಲಿಲ್ಲ, ಹೋಗುತ್ತೇವೆ ಎನ್ನಬೇಡಿ, ಅರ್ಜಿ ಹಾಕೋಣ ಎನ್ನಿ, ಅರ್ಜಿ ತುಂಬುವಾಗ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ ಎಂದೆ.