ಮೊದಲು ಹೆಂಚು, ಕೊನೆಗೆ ಬಣ್ಣ

ದಕ್ಷಿಣ ಕನ್ನಡದ ಹಳ್ಳಿಯೊಂದರಿಂದ ಬಂದ ಪತ್ರದ ಸಾರ: ಶತಮಾನ ದಾಟಿದ ನಮ್ಮ ಇಗರ್ಜಿ (ಚರ್ಚು) ಸೋರುತ್ತಿದೆ, ಗಾರೆ ಉದುರುತ್ತಿದೆ. ಗುತ್ತಿಗೆದಾರರು ಒಂದೇ ಪುಟದಲ್ಲಿ ಬರೆದುಕೊಟ್ಟ ಮೊತ್ತ ಕಂಡು ಜನ ಹಿಂಜರಿದಿದ್ದಾರೆ. ಮುಂಬೈ, ಗಲ್ಫ್‌ನಲ್ಲಿರುವ ಊರವರಿಂದ ಹಣ ಕೂಡಿಸುವುದು ಹೇಗೆ? ತೆರಿಗೆ ರಿಯಾಯಿತಿ ಉಂಟೇ?

ಸಂಪಾದಕರ ಉತ್ತರ:

ಜನ ಹಿಂಜರಿದದ್ದು ಸರಿಯೇ. ‘ಜೀರ್ಣೋದ್ಧಾರ, ಒಟ್ಟು ಇಷ್ಟು ಲಕ್ಷ’ ಎಂಬ ಚೀಟಿಗೆ ಯಾರೂ ಮನಸ್ಸು ಬಿಚ್ಚಿ ಕೊಡುವುದಿಲ್ಲ. ಹಳೆ ಕಟ್ಟಡ ಬಲ್ಲ ಎಂಜಿನಿಯರ್‌ಗೆ ಮೊದಲು ಶುಲ್ಕ ಕೊಟ್ಟು, ಮಾಡು (ಹೆಂಚಿನ ಛಾವಣಿ), ಮರ, ಗೋಡೆ, ನೆಲ, ವಿದ್ಯುತ್ ಎಂದು ಬೇರೆ ಬೇರೆ ಅಂದಾಜು ಬರೆಸಿ. ಆಮೇಲೆ ವಾಳೆಯ (ಇಗರ್ಜಿಗೆ ಸೇರಿದ ಮನೆಗಳ ವಾರ್ಡಿನ) ಗುರಿಕಾರರು ಮನೆಮನೆಗೆ ಹೋಗಲಿ.

ಮಾಡಿನ ಲೆಕ್ಕವನ್ನು ಯಾರಿಗೂ ಅರ್ಥವಾಗುವಂತೆ ಹೇಳಬಹುದು. ಹತ್ತು ಚದರ ಮೀಟರಿಗೆ ಸುಮಾರು 150 ಮಂಗಳೂರು ಹೆಂಚು ಬೇಕು. ಎರಡೂ ಇಳಿಜಾರು ಸೇರಿ 400 ಚದರ ಮೀಟರಾದರೆ 6,000. ಒಡೆಯುವುದಕ್ಕೆಂದು ಇನ್ನು 600. ‘ನಿಮ್ಮ ಮನೆಯ ಪಾಲಿಗೆ ನೂರು ಹೆಂಚು, ಅದನ್ನು ಹೊದೆಸುವ ಕೂಲಿ’ ಎಂದರೆ ಬಡವರೂ ಇಲ್ಲವೆನ್ನುವುದಿಲ್ಲ. ಹಳೆಯದನ್ನೆಲ್ಲ ಎಸೆಯಬೇಡಿ: ಬೆರಳಿನಿಂದ ತಟ್ಟಿ, ಠಣ್ಣೆಂದರೆ ಗಟ್ಟಿ, ಬೊದ್ದು ಸದ್ದಾದರೆ ಬಿರುಕು. ಗಟ್ಟಿ ಹೆಂಚೆಲ್ಲ ಒಂದೇ ಇಳಿಜಾರಿಗೆ ಹೋಗಲಿ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಹೆಂಚು ಸುಡಲು ಆರಂಭಿಸಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಂದು ಕಾರ್ಖಾನೆಯ ಹೆಂಚಿನ ಕಚ್ಚು ಇನ್ನೊಂದರದಕ್ಕೆ ಕೂರುವುದಿಲ್ಲ. ಬೆರೆಸಿ ಹೊದೆಸಿದರೆ ಸೋರುವುದು ಖಚಿತ.

ಹೆಂಚು ಇಳಿಸಿದ ದಿನವೇ ಲೆಕ್ಕ ತಪ್ಪುತ್ತದೆ. ಗೋಡೆಯೊಳಗೆ ಹೊಕ್ಕಿರುವ ಪಕ್ಕಾಸಿನ (ಮಾಡನ್ನು ಹೊರುವ ಇಳಿಜಾರು ಮರದ) ತುದಿ ಕೆಳಗಿನಿಂದ ಕಾಣುವುದಿಲ್ಲ, ಗೆದ್ದಲು ತಿಂದಿರುವುದು ಹೆಚ್ಚಾಗಿ ಅಲ್ಲೇ. ಅದಕ್ಕಾಗಿ ಅಂದಾಜಿನ ಮೇಲೆ ನೂರಕ್ಕೆ ಹದಿನೈದರಷ್ಟು ಎತ್ತಿಡಿ. ಮಾಡಿನ ಪೂರ್ತಿ ಹಣ ಬ್ಯಾಂಕಿಗೆ ಬರುವವರೆಗೆ ಒಂದು ಹೆಂಚೂ ಇಳಿಯಬಾರದು. ನವೆಂಬರಿನಲ್ಲಿ ಬಿಚ್ಚಿ, ಏಪ್ರಿಲ್ ಒಳಗೆ ಮುಚ್ಚಿ. ಅರ್ಧ ಮುಚ್ಚಿದ ಮಾಡಿಗೆ ಜೂನಿನ ಮಳೆ ಬಿದ್ದರೆ ಗೋಡೆಯ ದುರಸ್ತಿಯ ಖರ್ಚೂ ಏರುತ್ತದೆ.

ಇನ್ನೊಂದು ಕಡೆ ಸಮಿತಿಗಳು ಎಡವುತ್ತವೆ. ಸಾಂತ್ಮಾರಿಗೆ (ಇಗರ್ಜಿಯ ವಾರ್ಷಿಕ ಹಬ್ಬಕ್ಕೆ) ಚಂದ ಕಾಣಲೆಂದು ಮುಂಭಾಗಕ್ಕೆ ಮೊದಲು ಬಣ್ಣ ಬಳಿಯುತ್ತಾರೆ. ಕೆಲಸ ಮುಗಿಯಿತೆಂದು ತಿಳಿದು ಕಂತು ಕಟ್ಟುತ್ತಿದ್ದವರು ನಿಲ್ಲಿಸುತ್ತಾರೆ. ಬಣ್ಣ ಕೊನೆಗಿರಲಿ.

ಮುಂಬೈಯವರದು ಸುಲಭ. ಗಲ್ಫ್‌ನಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ಬ್ಯಾಂಕ್ ಮೂಲಕ ತಮ್ಮ ಉಳಿತಾಯದಿಂದ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ಪಡೆದು ಕಡತದಲ್ಲಿಡಿ. ಕೆನಡಾ, ಬ್ರಿಟನ್ ಪೌರತ್ವ ಪಡೆದವರ ಹಣ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿಯೇ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ಹಣ ಮೊದಲು ಬರಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಧರ್ಮಪ್ರಾಂತ್ಯದ (ಬಿಷಪರ ಆಡಳಿತದ) ಸಂಸ್ಥೆಗೆ ನೋಂದಣಿಯಿದ್ದರೂ 2020ರ ತಿದ್ದುಪಡಿಯ ನಂತರ ಅದು ಆ ಹಣವನ್ನು ನಿಮ್ಮ ಖಾತೆಗೆ ದಾಟಿಸುವಂತಿಲ್ಲ. ತಾನೇ ಕೆಲಸ ಮಾಡಿಸಿ ಬಿಲ್ ಕಟ್ಟಬೇಕು.

80ಜಿ ಎಂದು ಜನ ಕರೆಯುವ ಆದಾಯ ತೆರಿಗೆ ರಿಯಾಯಿತಿಯ ಆಸೆ ಹುಟ್ಟಿಸಬೇಡಿ. ಪ್ರಾರ್ಥನಾ ಮಂದಿರದ ದುರಸ್ತಿಗೆ ಅದು ದೊರೆಯುವುದು ಕೇಂದ್ರ ಸರ್ಕಾರ ಐತಿಹಾಸಿಕ, ಕಲಾತ್ಮಕ ಮಹತ್ವದ್ದೆಂದೋ ರಾಜ್ಯದಾದ್ಯಂತ ಹೆಸರಾದದ್ದೆಂದೋ ಅಧಿಸೂಚಿಸಿದ್ದಕ್ಕೆ. ಆಗಲೂ 2,000 ರೂಪಾಯಿ ಮೀರಿದ ನಗದಿಗೆ ಇಲ್ಲ. ಬಿಷಪರ ಲಿಖಿತ ಅನುಮತಿ, ದುರಸ್ತಿಗೇ ಪ್ರತ್ಯೇಕ ಖಾತೆ, ಇಬ್ಬರ ಸಹಿ, ತಿಂಗಳಿಗೊಮ್ಮೆ ಬಾಗಿಲ ಬಳಿ ಜಮಾ-ಖರ್ಚಿನ ಹಾಳೆ: ಇವಿದ್ದರೆ ರಿಯಾಯಿತಿ ಇಲ್ಲದೆಯೂ ಹಣ ಬರುತ್ತದೆ.

ಗಾರೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಸಿಮೆಂಟ್ ಅಗ್ಗವೆಂದು ಯಾರಾದರೂ ಉಚಿತವಾಗಿ ಕೊಡಲು ಬಂದರೆ ಮುರಕಲ್ಲಿನ (ಕರಾವಳಿಯ ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆಗೆ ಬಳಸಬೇಡಿ. ಕಲ್ಲು ಹೀರಿದ ನೀರು ಹೊರಹೋಗಲಾರದೆ ಒಳಗೇ ಉಳಿದು, ಉಪ್ಪು ಕಟ್ಟಿ, ಪದರವನ್ನೇ ಕಳಚುತ್ತದೆ. ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು, ತೆಳು ಪದರ, ಪ್ರತಿ ಪದರಕ್ಕೂ ಒಂದು ವಾರ ತೇವ. ಆ ದಾನಿಯಿಂದ ಸಿಮೆಂಟಿನ ಬದಲು ಸುಣ್ಣದ ಚೀಲ ಕೇಳಿ.