ಸಂಪಾದಕರ ಉತ್ತರ: ಗಡಿಯಲ್ಲಿ ನಿಂತ ಲಾರಿ

ಆತ್ಮೀಯರೇ,

ನಿಮ್ಮ ಪತ್ರ ಚಿಕ್ಕದು, ಸಿಟ್ಟು ದೊಡ್ಡದು. "ಯುದ್ಧವಾಗಲಿ, ಬರವಾಗಲಿ, ವಿಶ್ವಸಂಸ್ಥೆ ಕಳವಳ ವ್ಯಕ್ತಪಡಿಸುತ್ತದೆ, ದೊಡ್ಡ ದೇಶಗಳು ಸಭೆ ಸೇರುತ್ತವೆ, ಸಾಯುವವರು ಸಾಯುತ್ತಲೇ ಇರುತ್ತಾರೆ. ಅಂತಾರಾಷ್ಟ್ರೀಯ ಸಹಕಾರ ಬಲಪಡಿಸಬೇಕೆಂದು ಬರೆದಿದ್ದೀರಲ್ಲ, ಇಲ್ಲದ್ದನ್ನು ಬಲಪಡಿಸುವುದು ಹೇಗೆ?" ಎಂದು ಕೇಳಿದ್ದೀರಿ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ಮೊದಲು ನನ್ನ ತಪ್ಪೊಪ್ಪಿಗೆ. 'ಬಲಪಡಿಸಬೇಕು' ಎಂಬುದು ಸಂಪಾದಕೀಯ ಬರೆಯುವವರಿಗೆ ಬೇರೇನೂ ತೋಚದಾಗ ಒದಗಿಬರುವ ಪದ. ಯಾರು, ಏನನ್ನು ಎಂದು ನಾನು ಹೇಳಲೇ ಇಲ್ಲ. ಆದರೆ ಸಹಕಾರ ಇಲ್ಲವೇ ಇಲ್ಲ ಎಂಬ ನಿಮ್ಮ ಮಾತನ್ನು ಒಪ್ಪಲಾರೆ.

1988ರ ಡಿಸೆಂಬರ್‌ನಲ್ಲಿ ಆರ್ಮೇನಿಯಾದಲ್ಲಿ ಭೂಕಂಪವಾದಾಗ ಹಲವು ದೇಶಗಳ ರಕ್ಷಣಾ ತಂಡಗಳು ಬಂದಿಳಿದವು. ಯಾರು ಎಲ್ಲಿ ಅಗೆಯಬೇಕೆಂದು ಹೇಳುವವರಿರಲಿಲ್ಲ. ಆ ಗೊಂದಲದಿಂದ ಪಾಠ ಕಲಿತು 1991ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಶೋಧ ಮತ್ತು ರಕ್ಷಣಾ ತಂಡಗಳ ಸಲಹಾ ಕೂಟವೊಂದು ಹುಟ್ಟಿತು. ತಂಡಗಳನ್ನು ಪರೀಕ್ಷಿಸಿ ದರ್ಜೆ ಕೊಡುವುದು, ಕುಸಿದ ಕಟ್ಟಡಗಳಿಗೆ ಎಲ್ಲರಿಗೂ ಅರ್ಥವಾಗುವ ಗುರುತು ಬರೆಯುವುದು, ಇಂಥ ನೀರಸ ಕೆಲಸ ಅದರದು. ಸುದ್ದಿಯಾಗುವ ಸಂಗತಿಯಲ್ಲ, ನಮ್ಮ ಪತ್ರಿಕೆಯೂ ಎಂದೂ ಬರೆದಿಲ್ಲ. 2023ರ ಫೆಬ್ರುವರಿ 6ರಂದು ಟರ್ಕಿ ನಡುಗಿದಾಗ ಹತ್ತಾರು ದೇಶಗಳ ತಂಡಗಳು ಧಾವಿಸಿದವು. ಟರ್ಕಿಯೊಂದಿಗೆ ಬಹುಕಾಲದ ಹಗೆಯಿದ್ದ ಆರ್ಮೇನಿಯಾದ ನೆರವಿನ ಲಾರಿಗಳೂ, 30 ವರ್ಷಗಳ ಬಳಿಕ ತೆರೆದ ಗಡಿ ಸೇತುವೆ ದಾಟಿ ಬಂದವು.

ಈಗ ಅದೇ ಭೂಕಂಪದ ಇನ್ನೊಂದು ಬದಿ. ಬಂಡುಕೋರರ ಹಿಡಿತದಲ್ಲಿದ್ದ ವಾಯವ್ಯ ಸಿರಿಯಾಕ್ಕೆ ವಿಶ್ವಸಂಸ್ಥೆಯ ಮೊದಲ ಲಾರಿ ಸಾಲು ತಲುಪಿದ್ದು ಫೆಬ್ರುವರಿ 9ರಂದು. ಅದರಲ್ಲಿದ್ದದ್ದೂ ಭೂಕಂಪಕ್ಕೆ ಮೊದಲೇ ಕಳಿಸಬೇಕೆಂದಿದ್ದ ಸಾಮಗ್ರಿ. ಕಾರಣ, ಭದ್ರತಾ ಮಂಡಳಿ 2014ರಲ್ಲಿ ಸಿರಿಯಾ ಸರ್ಕಾರದ ಒಪ್ಪಿಗೆ ಇಲ್ಲದೆಯೂ ಬಳಸಬಹುದೆಂದ ನಾಲ್ಕು ಗಡಿದ್ವಾರಗಳು ವಿಟೋ (ಕಾಯಂ ಸದಸ್ಯ ದೇಶಗಳ ತಡೆಹಕ್ಕು) ಜಗ್ಗಾಟದಲ್ಲಿ ಒಂದಕ್ಕೆ ಇಳಿದಿದ್ದವು. ಉಳಿದ ಬಾಬ್ ಅಲ್-ಹವಾದ ದಾರಿಯೂ ಕಂಪನದಲ್ಲಿ ಹಾಳಾಗಿತ್ತು. ಇನ್ನೆರಡು ದ್ವಾರ ತೆರೆಯಲು ಸಿರಿಯಾ ಸರ್ಕಾರ ಒಪ್ಪಿದ್ದು ಫೆಬ್ರುವರಿ 13ಕ್ಕೆ. ಅವಶೇಷದಡಿ ಉಸಿರು ಉಳಿಯುವುದು ಅಷ್ಟು ದಿನವಲ್ಲ. ಅಲ್ಲಿನ ಜನರ ಪಾಲಿಗೆ ನಾವು ಸೋತೆವೆಂದು ವಿಶ್ವಸಂಸ್ಥೆಯ ಅಂದಿನ ನೆರವು ಮುಖ್ಯಸ್ಥ ಮಾರ್ಟಿನ್ ಗ್ರಿಫಿತ್ಸ್ ಅವರೇ ಒಪ್ಪಿಕೊಂಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡನು ಅನ್ನುತ್ತಾರಲ್ಲ, ಹಾಗೆ.

ಒಪ್ಪಿಗೆಯ ನಿಯಮವನ್ನೇ ಕಿತ್ತುಹಾಕಿ ಎನ್ನುವಿರೇನೋ. ಆಪತ್ತಿಗೀಡಾದ ದೇಶದ ಸಮ್ಮತಿ ಬೇಕೆಂದು 1991ರ ಮಹಾಸಭೆಯ 46/182ನೇ ನಿರ್ಣಯ ಸುಮ್ಮನೆ ಬರೆದದ್ದಲ್ಲ. ಕರುಣೆಯ ಹೆಸರಲ್ಲಿ ಸೇನೆ ಒಳಗೆ ಬಂದೀತೆಂಬ ಸಣ್ಣ ದೇಶಗಳ ಅಂಜಿಕೆಗೆ ಇತಿಹಾಸವಿದೆ. 2008ರಲ್ಲಿ ನರ್ಗಿಸ್ ಚಂಡಮಾರುತಕ್ಕೆ ಸಿಕ್ಕ ಮ್ಯಾನ್ಮಾರ್‌ನ ಸೇನಾಡಳಿತ ವಿದೇಶಿ ನೆರವು ಕಾರ್ಯಕರ್ತರಿಗೆ ವಾರಗಟ್ಟಲೆ ವೀಸಾ ತಡೆಯಿತು. ಕೊನೆಗೆ ಬಾಗಿಲು ಸಡಿಲವಾದದ್ದು ಬೆದರಿಕೆಯಿಂದಲ್ಲ, ನೆರೆಯ ಆಸಿಯಾನ್ ದೇಶಗಳು ನಡುವೆ ನಿಂತದ್ದರಿಂದ. ಸಹಕಾರ ಬಲಪಡಿಸುವುದೆಂದರೆ ನನ್ನ ಮಟ್ಟಿಗೆ ಇದೇ: ವೀಸಾ, ಸುಂಕ, ವಿಮಾನಕ್ಕೆ ಇಳಿಯುವ ಅನುಮತಿ, ಎಲ್ಲವನ್ನೂ ನೆಮ್ಮದಿಯ ದಿನಗಳಲ್ಲೇ ನೆರೆಹೊರೆಯವರು ಬರೆದಿಟ್ಟುಕೊಳ್ಳುವುದು. ಯುದ್ಧ ಮಾಡುವವರನ್ನು ಇದು ತಡೆಯದು, ಅದು ಬೇರೆಯೇ ರೋಗ.

ಹಣದ ಕಥೆಯೂ ಹೀಗೇ. ಸೊಮಾಲಿಯಾದಲ್ಲಿ ಮಳೆ ಕೈಕೊಡುತ್ತದೆಂಬ ಎಚ್ಚರಿಕೆ 2010ರಲ್ಲೇ ಬಂದಿತ್ತು. ಕ್ಷಾಮವೆಂದು ಘೋಷಿಸಿದ್ದು 2011ರ ಜುಲೈ 20ರಂದು, ದೊಡ್ಡ ಮೊತ್ತ ಹರಿದದ್ದು ಆಮೇಲೆ. ಸತ್ತವರು ಸುಮಾರು 2 ಲಕ್ಷ 58 ಸಾವಿರ, ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದೆಂದರೆ ಇದು. 2020ರ ಜುಲೈನಲ್ಲಿ ಬಾಂಗ್ಲಾದೇಶದಲ್ಲಿ ಬಾವಿ ಮೊದಲೇ ಇತ್ತು. ಜಮುನಾ ನದಿ (ಅಲ್ಲಿ ಬ್ರಹ್ಮಪುತ್ರದ ಹೆಸರು) ಉಕ್ಕುವ ಮುನ್ಸೂಚನೆ ಸಿಕ್ಕೊಡನೆ ವಿಶ್ವಸಂಸ್ಥೆಯ ಕೇಂದ್ರ ತುರ್ತು ನಿಧಿ 52 ಲಕ್ಷ ಡಾಲರ್ ಬಿಡುಗಡೆ ಮಾಡಿತು. ನೆರೆ ಏರುವ ಮೊದಲೇ ಎಷ್ಟೋ ಮನೆಗಳಿಗೆ ಮೊಬೈಲ್ ಮೂಲಕ ನಗದು ಹೋಯಿತು. ಆ ನಿಧಿಗೆ ವರ್ಷಕ್ಕೆ 100 ಕೋಟಿ ಡಾಲರ್ ಗುರಿಯಿಟ್ಟವು ದೇಶಗಳು. ಗುರಿ ಮುಟ್ಟಿಲ್ಲ. ನಿಮ್ಮ ಸಿಟ್ಟಿಗೆ ವಿಳಾಸ ಬೇಕಿದ್ದರೆ ಇಲ್ಲಿದೆ.

ಇನ್ನು, ಮನೆಯಲ್ಲಿರುವ ಹಳೆಯ ಬಟ್ಟೆ ಕಳಿಸಬಹುದೇ ಎಂದು ಕೊನೆಯ ಸಾಲಿನಲ್ಲಿ ಕೇಳಿದ್ದೀರಿ. ದಯವಿಟ್ಟು ಬೇಡ. 2004ರ ಸುನಾಮಿಯ ನಂತರ ಯಾರಿಗೂ ಬೇಡವಾದ ಬಟ್ಟೆಯ ರಾಶಿಗಳು ರಸ್ತೆ ಬದಿಯಲ್ಲಿ ಕೊಳೆತವು. ಅದನ್ನು ಸಾಗಿಸಿದ ಲಾರಿಯಲ್ಲಿ ಔಷಧಿ ಹೋಗಬಹುದಿತ್ತು. ಕೊಡುವ ಮನಸ್ಸಿದ್ದರೆ ಹಣ ಕೊಡಿ, ಆ ನೆಲದಲ್ಲೇ ಮೊದಲಿನಿಂದ ಕೆಲಸ ಮಾಡುತ್ತಿರುವವರಿಗೆ ಕೊಡಿ.

— ಸಂಪಾದಕ